ಕೂಸಿನ ಎಣ್ಣೆ

ಆಯಿಯ ಮೊಣಕಾಲ ಕೆಳಗೆ ಒಂದು ಕೂದಲೂ ಇರಲಿಲ್ಲ. ಹಳೆಯ ಮನೆಯ ಹೊಸ್ತಿಲು ತುಳಿದು ತುಳಿದು ನುಣುಪಾಗುತ್ತದಲ್ಲ, ಹಾಗೆ ಆ ಎರಡೂ ಕಾಲು ಮಿಂಚುತ್ತಿದ್ದವು. ಧಾರವಾಡದ ಮಾಳಮಡ್ಡಿಯ ನಮ್ಮ ಓಣಿಯ ಕೂಸುಗಳೆಲ್ಲ ಆ ಕಾಲುಗಳ ಮೇಲೆ ಮಲಗಿಯೇ ಮೊದಲ ಸಲ ಮೈತುಂಬ ನೀರು ಹೊಯ್ಯಿಸಿಕೊಂಡವು. ಆಕೆ ಬಚ್ಚಲಲ್ಲಿ ಮಣೆಯ ಮೇಲೆ ಕೂತು, ಸೀರೆ ಮೇಲೆ ಸರಿಸಿ, ಕಾಲು ಚಾಚಿ "ತರ್ರಿ ಇಲ್ಲೆ" ಎಂದಳೆಂದರೆ, ಕೂಸನ್ನು ಹೆತ್ತವಳೂ ತುಟಿ ಪಿಟಕ್ಕೆನ್ನದೆ ಒಪ್ಪಿಸಿಬಿಡಬೇಕು.

ನನಗೂ ನಮ್ಮಣ್ಣನಿಗೂ ಎರೆದವಳು ಅವಳೇ. "ನಿಮ್ಮಣ್ಣ ಅಳತಿದ್ದ. ನೀ ಅಳತಿದ್ದಿಲ್ಲವ್ವಾ, ಬೈತಿದ್ದಿ" ಎಂದು ನಾನು ಮದುವೆಯ ವಯಸ್ಸಿಗೆ ಬಂದ ಮೇಲೂ ನಾಲ್ಕು ಮಂದಿಯ ಎದುರು ಹೇಳುವಳು. ನನ್ನ ಬಾಯಿ ಹುಟ್ಟಿದ ವಾರಕ್ಕೇ ಜೋರಾಗಿತ್ತೆಂಬುದಕ್ಕೆ ಬೇರೆ ಸಾಕ್ಷಿ ಇಲ್ಲ, ಆದರೆ ಅಲ್ಲಗಳೆಯುವ ಧೈರ್ಯ ನನಗೂ ಇಲ್ಲ.

ಇಡೀ ಓಣಿಯೇ ಆಯಿ ಎಂದು ಕರೆಯುತ್ತಿದ್ದ ಆಕೆ ಗರಗದ ಕಡೆಯಿಂದ ಲಗ್ನವಾಗಿ ಬಂದು, ಬೇಗ ಗಂಡನನ್ನು ಕಳೆದುಕೊಂಡು, ನಮ್ಮ ಓಣಿಯ ಕೊನೆಯ ಖೋಲಿಯಲ್ಲಿ ಇದ್ದವಳು. ಸ್ವಂತ ಮಕ್ಕಳಿಲ್ಲ. ಆಕೆಗೆ ಕೆಲವು ಕಟ್ಟುನಿಟ್ಟುಗಳಿದ್ದವು. ಕೊಬ್ಬರಿ ಎಣ್ಣೆಗೆ ಬಜೆ, ಅಜವಾನ ಹಾಕಿ ತಾನೇ ಕಾಯಿಸಬೇಕು. ಒಂದು ಕೂಸಿಗೆಂದು ಕಾಯಿಸಿದ ಎಣ್ಣೆಯನ್ನು ಯಾರೂ ದಾಟಬಾರದು, ಅದರ ಹತ್ತಿರ ಚಪ್ಪಲಿ ಬಿಡಬಾರದು, ನೆಲಕ್ಕಂತೂ ಒಂದು ಹನಿ ಚೆಲ್ಲಬಾರದು. ಯಾಕೆಂದು ಕೇಳಿದರೆ, "ಕೂಸಿನ ಎಣ್ಣಿ ಅಂದ್ರ ಕೂಸ ಇದ್ದಂಗ" ಎನ್ನುವಳು. ಅಲ್ಲಿಗೆ ಮಾತು ಮುಗಿಯಿತು.

ತೊಂಬತ್ತರ ದಶಕದ ಕೊನೆಗೆ ನನ್ನ ಮೊದಲ ಹೆರಿಗೆ ತವರಲ್ಲಿ ಆಯಿತು. ಹೆಣ್ಣುಕೂಸು. ಆಯಿ ದಿನಾ ಬಂದು ಎರೆದಳು. ಹೆಸರಿಡುವ ಮೊದಲೇ ಕೂಸು ಹೋಯಿತು. ಹುಟ್ಟುತ್ತಲೇ ಹೃದಯದಲ್ಲಿ ದೋಷವಿತ್ತೆಂದು ಡಾಕ್ಟರು ಆಮೇಲೆ ಹೇಳಿದರು.

ಮರುದಿನ ಮುಂಜಾನೆ ನಮ್ಮ ಮನೆಯಲ್ಲಿ ಯಾರೂ ಒಲೆಯ ಕಡೆ ಹೋಗಿರಲಿಲ್ಲ. ಆಯಿ ತನ್ನ ಎಂದಿನ ಹೊತ್ತಿಗೆ ಹಿತ್ತಲ ಬಾಗಿಲಿಂದ ಬಂದು ಹಂಡೆಗೆ ಉರಿ ಹಾಕಿದಳು. ಅವ್ವ ಅಳುತ್ತಲೇ, "ಕೂಸ ಇಲ್ಲ, ಇನ್ನ ಯಾರಿಗೆ ಎರೀತಿ?" ಎಂದಳು.

"ಕೂಸು ಹೋತು ಖರೇ, ಅವ್ವಾರ. ಆದ್ರ ಇಕಿ ಬಾಣಂತಿ ಅಲ್ಲೇನ್ರಿ? ಕೂಸ ಹೋದದ್ದು ಮೈಗೆ ಏನ ಗೊತ್ತು?"

ನನ್ನನ್ನು ಎಬ್ಬಿಸಿ ಬಚ್ಚಲಿಗೆ ಕರೆದೊಯ್ದಳು. ಆ ತಿಂಗಳು ಪೂರ್ತಿ ಒಂದು ದಿನವೂ ತಪ್ಪಿಸದೆ ನನಗೆ ಎರೆದಳು. ಸಮಾಧಾನದ ಒಂದು ಮಾತು ಆಡಿದವಳಲ್ಲ. ನಾನು ಅಳಲು ಶುರು ಮಾಡಿದರೆ ತಲೆಯ ಮೇಲೆ ಇನ್ನೊಂದು ತಂಬಿಗೆ ಬಿಸಿನೀರು ಹೊಯ್ಯುವಳು. ಆ ನೀರಿನ ಸಪ್ಪಳದಲ್ಲಿ ನಾನು ಎಷ್ಟು ಬೇಕಾದರೂ ಅಳಬಹುದಿತ್ತು. ನಾನು ಬದುಕಿ ಉಳಿದದ್ದು ಆ ಬಚ್ಚಲಿನಿಂದ. ಇದನ್ನು ಯಾರೆದುರು ಬೇಕಾದರೂ ಹೇಳುತ್ತೇನೆ.

ಅಷ್ಟರಲ್ಲಿ ಓಣಿಯಲ್ಲಿ ಒಂದು ಮಾತು ಹುಟ್ಟಿತು. ಆಯಿ ಎರೆದದ್ದೇ ಹೆಚ್ಚಾಯಿತು, ಕೂಸಿಗೆ ಥಂಡಿ ಹತ್ತಿತು ಎಂದು. ಮೊದಲು ಅಂದವರು ಯಾರೋ ಗೊತ್ತಿಲ್ಲ. ಯಾರೇ ಇರಲಿ, ಅವರ ನಾಲಿಗೆಗೆ ನನ್ನ ಶಾಪ ಇವತ್ತಿಗೂ ಇದೆ. ಡಾಕ್ಟರು ಹೇಳಿದ್ದನ್ನು ಅಣ್ಣ ಮನೆಮನೆಗೆ ಹೋಗಿ ತಿಳಿಸಿದ. ಯಾರು ಕೇಳುತ್ತಾರೆ? ಬಾಣಂತಿಯರ ಮನೆಗಳಿಂದ ಆಯಿಗೆ ಕರೆ ನಿಂತುಹೋಯಿತು. ವರ್ಷ ಕಳೆದು ಮತ್ತೆ ಕರೆದಾಗ ಆಕೆಯೇ ಹೋಗಲಿಲ್ಲ. "ಮೊಣಕಾಲು ಬ್ಯಾನಿ" ಎಂದು ಹೇಳಿ, ಮನೆಮನೆಗೆ ಹಪ್ಪಳ ಸಂಡಿಗೆ ಮಾಡಿಕೊಡುತ್ತ ಕೂತಳು. ಓಣಿಯಲ್ಲಿ ಯಾರಾದರೂ ಕೂಸನ್ನು ಎತ್ತಿಕೊಂಡು ಎದುರಿಗೆ ಬಂದರೆ ಕೈ ಹಿಂದೆ ಕಟ್ಟಿಕೊಂಡು ಮಾತಾಡಿಸುತ್ತಿದ್ದಳಂತೆ. ಅಣ್ಣ ಫೋನಿನಲ್ಲಿ ಇದನ್ನು ಹೇಳಿದ ದಿನ ನನಗೆ ಊಟ ಸೇರಲಿಲ್ಲ.

ನಾನಾಗ ಮಸ್ಕತ್ತಿನಲ್ಲಿದ್ದೆ. ನನ್ನ ಗಂಡ ಅಲ್ಲಿಯ ಒಂದು ಕಂಪನಿಯಲ್ಲಿ ಸ್ಟೋರ್ ಕೀಪರ್. ಏಳೆಂಟು ವರ್ಷ ಮಡಿಲು ತುಂಬಲಿಲ್ಲ, ಆಮೇಲೆ ತುಂಬಿತು. ಊರಿಗೆ ಹೋಗಲು ಡಾಕ್ಟರು ಬಿಡಲಿಲ್ಲ. ಅವ್ವ ಲಕ್ವಾ ಹೊಡೆದು ಹಾಸಿಗೆ ಹಿಡಿದಿದ್ದಳು. ನಾನು ಅಣ್ಣನಿಗೆ ಹೇಳಿ ಆಯಿಯನ್ನು ಫೋನಿಗೆ ಕರೆಸಿದೆ.

"ಬಾಣಂತನಕ್ಕ ನೀ ಬರಬೇಕು" ಎಂದೆ.

"ಮಂದಿ ಏನಂದ್ರು ಗೊತ್ತೈತಲ್ಲ ತಂಗಿ?" ಎಂದಳು.

"ಮಂದಿಗೆ ಹುಟ್ಟೂದಲ್ಲ ಇದು. ನನಗ ಹುಟ್ಟೂದು."

"ಬರ್ತೇನಿ. ನಿನಗ ಎರೀತೇನಿ, ಅಡಗಿ ಮಾಡಿ ಹಾಕ್ತೇನಿ. ಕೂಸಿಗೆ ಎಣ್ಣಿನೂ ಕಾಯಿಸ್ಕೊಂಡು ಬರ್ತೇನಿ. ಹಚ್ಚಾಕಿ ನೀನ. ಕೂಸಿನ ನನ್ನ ಕಾಲ ಮ್ಯಾಲೆ ಮಾತ್ರ ಹಾಕಬ್ಯಾಡ."

ಆಗಲಿ ಎಂದೆ. ಬರಲಿ ಮೊದಲು, ಆಮೇಲೆ ನೋಡೋಣ ಎಂದುಕೊಂಡೆ. ಆದರೆ ಒಳಗೊಳಗೆ ನನಗೂ ಹೆದರಿಕೆ. ಕೂಸಿಗೆ ನಾನೇ ಎರೆಯುತ್ತೇನೆಂಬ ಧೈರ್ಯವಿರಲಿಲ್ಲ. ಆಕೆ ಎರೆಯದಿದ್ದರೆ ಎರೆಯುವವರು ಯಾರೂ ಇರಲಿಲ್ಲ.

ಪಾಸ್‌ಪೋರ್ಟಿಗೆ ಹುಟ್ಟಿದ ತಾರೀಖು ಬೇಕಾಯಿತು. "ಊರ ಮಂದಿ ಹುಟ್ಟಿದ್ದೆಲ್ಲಾ ನನಗ ಗೊತ್ತು. ನಾ ಹುಟ್ಟಿದ್ದು ಯಾರಿಗೂ ಗೊತ್ತಿಲ್ಲಲ್ಲೊ" ಎಂದು ಅಣ್ಣನೆದುರು ನಕ್ಕಳಂತೆ. ಅಂತೂ ಅಣ್ಣ ಓಡಾಡಿ ಎಲ್ಲ ಮಾಡಿಸಿದ.

ಆಗಷ್ಟೇ ವಿಮಾನದ ಹೊಸ ಕಾಯ್ದೆ ಬಂದಿತ್ತು. ದೂರದ ದೇಶದಲ್ಲಿ ಯಾರೋ ಬಾಟಲಿಯಲ್ಲಿ ಸ್ಫೋಟಕ ಒಯ್ಯಲು ಸಂಚು ಮಾಡಿದ್ದರೆಂದು, ನೀರು, ಎಣ್ಣೆ, ಹರಿಯುವಂಥ ಯಾವುದನ್ನೂ ಕೈಚೀಲದಲ್ಲಿ ಹೆಚ್ಚಿಗೆ ಒಯ್ಯುವ ಹಾಗಿರಲಿಲ್ಲ. ಕೆಮ್ಮಿನ ಔಷಧದ ಬಾಟಲಿಯಷ್ಟು ಚಿಕ್ಕದಿದ್ದರೆ, ಅದೂ ಒಳಗಿದ್ದದ್ದು ಕಾಣುವ ಪ್ಲಾಸ್ಟಿಕ್ ಚೀಲದಲ್ಲಿದ್ದರೆ, ಬಿಡುತ್ತಿದ್ದರು. ಎಣ್ಣೆಯ ಬಾಟಲಿಯನ್ನು ದೊಡ್ಡ ಬ್ಯಾಗಿನಲ್ಲಿ ಹಾಕು ಎಂದು ನಾನು ಫೋನಿನಲ್ಲಿ ಬಡಕೊಂಡೆ. ಆಕೆ "ಆತವ್ವಾ" ಎಂದಳು. ಅಣ್ಣ ಬಾಟಲಿಗೆ ಟವೆಲ್ ಸುತ್ತಿ, ತಾನೇ ದೊಡ್ಡ ಬ್ಯಾಗಿನ ನಡುವೆ ಇಟ್ಟ.

ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಮುಂಬೈಗೆ ಹೋದರು. ವಿಮಾನ ನಿಲ್ದಾಣದ ಬಾಗಿಲಲ್ಲಿ ಆಯಿ, ಈ ಬ್ಯಾಗು ಎಲ್ಲಿಗೆ ಹೋಗುತ್ತದೆ ಎಂದು ವಿಚಾರಿಸಿದಳು. ವಿಮಾನದ ಹೊಟ್ಟೆಯಲ್ಲಿ ಎಲ್ಲರ ಬ್ಯಾಗಿನ ಜೊತೆ ಹಾಕುತ್ತಾರೆ ಎಂದ ಅಣ್ಣ. ಹೇಳಬಾರದಿತ್ತು. ಮಂದಿಯ ಚಪ್ಪಲಿ ತುಂಬಿದ ಬ್ಯಾಗು ಕೂಸಿನ ಎಣ್ಣೆಯ ಮೇಲೆ ಬೀಳುವುದೆಂದರೇನು? ಅಣ್ಣ ಚಹಾ ತರಲು ಹೋದಾಗ ಆಕೆ ಬಾಟಲಿ ತೆಗೆದು ಕೈಚೀಲಕ್ಕೆ ಸೇರಿಸಿಕೊಂಡಳು.

ಮುಂದಿನದನ್ನು ಆಕೆಯ ಬಾಯಿಂದಲೇ ಕೇಳಬೇಕಿತ್ತು. ಹೇಳಿದ ಹಾಗೆಲ್ಲ ಕೈಚೀಲದ ತಪಾಸಣೆಗೆ ನಿಂತಿದ್ದ ಪೋಲೀಸ್ ಹೆಣ್ಣುಮಗಳಿಗೆ ಬಡ್ತಿ ಸಿಗುತ್ತಿತ್ತು. ಮೊದಲ ಸಲ ಬರೀ ಪೋಲೀಸಬಾಯಿ, ಆಮೇಲೆ ಫೌಜದಾರ, ಧಾರವಾಡಕ್ಕೆ ಮರಳಿದ ಮೇಲೆ ಡಿ.ಎಸ್.ಪಿ. ಅಂತೂ ಆ ಹೆಣ್ಣುಮಗಳು ಬಾಟಲಿ ಎತ್ತಿಟ್ಟು, ಇದು ಹೋಗುವುದಿಲ್ಲ ಎಂದಳು. ಆಯಿ ತನಗೆ ಗೊತ್ತಿದ್ದ ಮರಾಠಿಯಲ್ಲಿ, "ಬಾಳಾಚ ತೇಲ ಆಹೆ, ಬಾಯಿ" ಎಂದಳು. ಕೂಸಿನ ಎಣ್ಣೆ ಇದು ಎಂದು. ಯಾರದಾದರೂ ಅಷ್ಟೇ, ಬಾಟಲಿ ದೊಡ್ಡದು.

"ಅರ್ಧಾ ತಗದ್ರ ನಡೀತೈತೇನ ಅಂತ ಕೇಳಿದೆ. ಇಲ್ಲ, ಬಾಟ್ಲಿನ ದೊಡ್ಡದು ಅಂತಾಳ. ಬಾಟ್ಲಿ ದೊಡ್ಡದಾದ್ರ ಎಣ್ಣಿದೇನ ತಪ್ಪು?" ಎಂದು ಆಯಿ ನಮ್ಮನ್ನು ಕೇಳುವಳು, ಕಾಯ್ದೆ ಮಾಡಿದವರು ನಾವೇ ಎಂಬ ಹಾಗೆ.

ಅಲ್ಲೊಂದು ಕಸದ ಡಬ್ಬಿ. ಅದರ ತುಂಬ ಮಂದಿ ಬಿಟ್ಟುಹೋದ ನೀರಿನ ಬಾಟಲಿ, ಉಪ್ಪಿನಕಾಯಿ, ಅತ್ತರು. ಒಂದೋ ಅದರಲ್ಲಿ ಹಾಕು, ಇಲ್ಲವೇ ಹಿಂದಕ್ಕೆ ಹೋಗು. ಆಯಿ ಬಾಟಲಿ ಎದೆಗೆ ಅವಚಿಕೊಂಡು ಸಾಲು ಬಿಟ್ಟು ಹಿಂದೆ ಬಂದು ಬೆಂಚಿನ ಮೇಲೆ ಕೂತಳು. ಹೊರಗೆ ಅಣ್ಣ ಹೊರಟುಹೋಗಿದ್ದ. ಭಾಷೆ ಬರುವುದಿಲ್ಲ. ಅಳು ಬಂತಂತೆ. ಈ ಎಣ್ಣೆ ಆ ಕೂಸಿಗೆ ಮುಟ್ಟುವುದು ದೇವರಿಗೇ ಬೇಡವಾಗಿದೆ, ತಿರುಗಿ ಊರಿಗೆ ಹೋಗಿಬಿಡಲೇ ಎಂದು ಎದ್ದು ನಿಂತಳಂತೆ.

ಆಗ ಪಕ್ಕದಲ್ಲಿ ಒಂದು ಕೂಸು ಚೀರತೊಡಗಿತು. ಎರಡು ತಿಂಗಳದ್ದಿರಬೇಕು. ಎಳೆಯ ತಾಯಿ, ಯಾವ ಊರಿನವಳೋ, ಒಬ್ಬಳೇ. ಎತ್ತಿದರೂ ನಿಲ್ಲದು, ಹಾಲು ಕೊಟ್ಟರೂ ಒಲ್ಲದು. ಸುತ್ತಲಿನವರು ಮುಖ ಸಿಂಡರಿಸುತ್ತಿದ್ದರು.

"ಹೊಟ್ಟಿ ಉಬ್ಬಿತ್ತು ತಂಗಿ. ದೂರಿಂದ ಕಾಣತಿತ್ತು. ಎಷ್ಟ ಹೊತ್ತು ನೋಡ್ಕೋತ ಕೂಡ್ಲಿ?"

ಬೆಂಚಿನ ಮೇಲೆ ಕಾಲು ಚಾಚಿದಳು. ತಾಯಿಗೆ ಕೈಸನ್ನೆ ಮಾಡಿದಳು. ಆ ಹುಡುಗಿ ಏನೆಂದು ತಿಳಿಯಿತೋ, ಕೂಸನ್ನು ಕೊಟ್ಟುಬಿಟ್ಟಳು. ಆಯಿ ಎಣ್ಣೆಯನ್ನು ಅಂಗೈಯಲ್ಲಿ ತಿಕ್ಕಿ ಬೆಚ್ಚಗೆ ಮಾಡಿ, ಹೊಕ್ಕುಳ ಸುತ್ತ, ಪಕ್ಕೆಗೆ, ಅಂಗಾಲಿಗೆ ಹಚ್ಚಿ, ಮೊಣಕಾಲು ಮಡಚಿ ಹೊಟ್ಟೆಗೆ ಒತ್ತಿದಳು. ಕೂಸು ದೊಡ್ಡದಾಗಿ ಹೂಸಿತು. ಸಾಲಿನಲ್ಲಿ ನಿಂತವರು ನಕ್ಕರು, ಪೋಲೀಸಬಾಯಿಯೂ ನಕ್ಕಳು. ಕೂಸು ಆಯಿಯ ಕಾಲ ಮೇಲೆಯೇ ಮಲಗಿಬಿಟ್ಟಿತು.

ಉಳಿದ ಎಣ್ಣೆಯನ್ನು ಆ ತಾಯಿಯ ತಲೆಗೆ ಹಚ್ಚಿದಳು. ಪೋಲೀಸಬಾಯಿಯ ಅಂಗೈಗೂ ಒಂದು ಹನಿ ಬಿಟ್ಟೆ ಎನ್ನುವಳು. ಇದನ್ನು ನಾನು ಪೂರ್ತಿ ನಂಬುವುದಿಲ್ಲ. ಇನ್ನೂ ಉಳಿದದ್ದನ್ನು ತನ್ನ ತಲೆಗೆ, ತೋಳಿಗೆ ಸವರಿಕೊಂಡು, ಖಾಲಿ ಬಾಟಲಿಯನ್ನು ಡಬ್ಬಿಗೆ ಹಾಕಿ ವಿಮಾನ ಹತ್ತಿದಳು.

ಮಸ್ಕತ್ತಿನ ನಮ್ಮ ಮನೆಯ ಬಾಗಿಲು ತೆರೆದಾಗ ಆಕೆಗಿಂತ ಮೊದಲು ಆ ವಾಸನೆ ಒಳಗೆ ಬಂತು. ನಾನು ಹೆತ್ತು ವಾರವೂ ಆಗಿರಲಿಲ್ಲ. ಆಕೆಯ ಹೆಗಲಿಗೆ ಮುಖ ಒತ್ತಿ ನಾನು ಅತ್ತದ್ದಕ್ಕೆ ಲೆಕ್ಕವಿಲ್ಲ. ಆಕೆ ಮಾತ್ರ ತೊಟ್ಟಿಲ ಹತ್ತಿರ ಹೋಗಲಿಲ್ಲ. ದೂರದಿಂದಲೇ ನೋಡಿದಳು.

"ಎಣ್ಣಿ ಹೋತು" ಎಂದಳು. "ನಿನ್ನ ಕೂಸಿಂದು ಮತ್ತೊಂದು ಕೂಸಿಗೆ ಹಚ್ಚಿ ಬಂದೇನಿ. ಸಿಟ್ಟಿಗೆ ಬಂದ್ಯೇನು?"

"ಕಾಲ ಮ್ಯಾಲೆ ಹಾಕ್ಕೊಂಡ್ಯೇನು?" ಎಂದು ಕೇಳಿದೆ.

"ಹೂಂ."

"ಏನಾತು?"

"ಮಲ್ಕೊಂತು."

ಇಷ್ಟು ಹೇಳಿ ಆಕೆ ತನ್ನ ಅಂಗೈಗಳನ್ನು ನೋಡಿಕೊಳ್ಳುತ್ತ ನಿಂತಳು.

ಮರುದಿನ ಬೆಳಿಗ್ಗೆ ನನ್ನ ಗಂಡ ಅಂಗಡಿಯಿಂದ ಒಂದು ಕೊಬ್ಬರಿ ಎಣ್ಣೆ ತಂದರು. ಬಜೆ ಇಲ್ಲ, ಅಜವಾನ ಇಲ್ಲ. ನಾನು ಮಗನನ್ನು ಟವೆಲಿನಲ್ಲಿ ಸುತ್ತಿಕೊಂಡು ಬಾತ್‌ರೂಮಿನ ಬಾಗಿಲಲ್ಲಿ ನಿಂತಿದ್ದೆ. ಹೊಸ್ತಿಲು ದಾಟಲಿಲ್ಲ. ಆಯಿ ನನ್ನ ಮುಖ ನೋಡಿದಳು, ಕೂಸಿನ ಮುಖ ನೋಡಿದಳು. ಎಣ್ಣೆಯನ್ನು ಮೂಸಿ, "ವಾಸನಿನ ಇಲ್ಲ ಇದಕ್ಕ" ಎಂದು ಗೊಣಗಿದಳು. ಆಮೇಲೆ ನನ್ನನ್ನು ಸರಿಸಿ ಒಳಗೆ ಹೋಗಿ, ಟೈಲ್ಸಿನ ಮೇಲೆ ಬಕೀಟು ಬೋರಲು ಹಾಕಿ ಕೂತು, ಸೀರೆ ಮೇಲೆ ಸರಿಸಿದಳು.

"ತಾ ಇಲ್ಲೆ" ಎಂದಳು. ಚಾಚಿದ ಆ ಕಾಲುಗಳ ಮೇಲೆ ನಾನು ಮಗನನ್ನು ಮಲಗಿಸಿದೆ.

ಎರಡು ತಿಂಗಳಿದ್ದು ಹೋದಳು. ಊರಿಗೆ ಮರಳಿದ ಮೇಲೆ ಮತ್ತೆ ಎರೆಯಲು ಹೋಗತೊಡಗಿದಳೆಂದು, ಬಡಾಯಿ ಮಾತ್ರ ಹೇಳತೀರದೆಂದು ಅಣ್ಣ ಹೇಳುತ್ತಿದ್ದ. ನನ್ನ ಮಗ ಓಡಾಡಿ ಮಾತಾಡುವ ವಯಸ್ಸಿಗೆ ಬಂದಾಗ ಒಂದು ಮಧ್ಯಾಹ್ನ ಅಣ್ಣನದೇ ಫೋನು ಬಂತು. ಆಯಿ ಹಿಂದಿನ ದಿನ ಉಂಡು ಮಲಗಿದವಳು ಏಳಲಿಲ್ಲ.

ನಾನು ಗೀಸರ್ ಹಾಕಲು ಹೋದೆ. ನನ್ನ ಗಂಡ ಮೆತ್ತಗೆ, "ರಕ್ತಸಂಬಂಧ ಇಲ್ಲಲ್ಲ, ನಮಗ ಸೂತಕ ಬರಂಗಿಲ್ಲ" ಎಂದರು. ಅವರು ಹೇಳಿದ್ದು ಶಾಸ್ತ್ರದ ಪ್ರಕಾರ ಸರಿಯೇ. ನಾನು ಮಗನನ್ನು ಕರೆದೆ. "ಮುಂಜಾನೆ ಸ್ನಾನ ಆಗೇದಲ್ಲಮ್ಮ?" ಎಂದು ಅವನು ತಕರಾರು ತೆಗೆದ. "ಆಯಿ ಹೋದ್ಳಪ್ಪಾ" ಎಂದು ಹೇಳಿ ಅವನ ಅಂಗಿ ಬಿಚ್ಚಿದೆ. ಮೊದಲು ಅವನ ತಲೆಯ ಮೇಲೆ ನೀರು ಹಾಕಿದೆ, ಆಮೇಲೆ ನನ್ನ ತಲೆಯ ಮೇಲೆ.