ಹುಕ್ಕು ಫ್ರೀ, ಲೈನಿಂಗಿಗೆ ಮಾತ್ರ ಕಾಸು

ಬೆಳಕು ಹರಿಯುವ ಮುಂಚೆ ಫರಹತ್ ಕೊಳಾಯಿ ನೀರು ಹಿಡಿಯಬೇಕಿತ್ತು, ಹಂಡೆಯ ಒಲೆಗೆ ಉರಿ ಹಾಕಬೇಕಿತ್ತು, ಅತ್ತೆಗೆ ಸಕ್ಕರೆಯಿಲ್ಲದ ಚಹಾ, ಗಂಡನಿಗೆ ಸಕ್ಕರೆ ಮುಂದಾದ ಚಹಾ ಮಾಡಬೇಕಿತ್ತು, ಹಿಟ್ಟು ಕಲಸಿ ಒದ್ದೆ ಬಟ್ಟೆ ಮುಚ್ಚಿಡಬೇಕಿತ್ತು, ಮಗಳ ಯೂನಿಫಾರಂ ಒಣಗಿದೆಯೇ ಎಂದು ಮುಟ್ಟಿ ನೋಡಬೇಕಿತ್ತು. ಮಸೀದಿಯ ಅಜಾನ್ ಕೇಳುವ ಹೊತ್ತಿಗೆ ಎರಡು ರವಿಕೆಗಳ ಅಂಚಿಗೆ ಕೈಹೊಲಿಗೆಯೂ ಬಿದ್ದಿರುತ್ತಿತ್ತು. ಇದರಲ್ಲಿ ಕೊನೆಯದಕ್ಕೆ ಮಾತ್ರ ಕೂಲಿ. ಅದೂ ರವಿಕೆ ನಾದಿನಿಯರದ್ದಾಗಿದ್ದರೆ ಇಲ್ಲ.

ಗುಂಡ್ಲುಪೇಟೆಯ ಆ ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಕಾಲಿನಿಂದ ತುಳಿಯುವ ಹೊಲಿಗೆ ಮಿಷನ್ನು. ಸಂಜೆಗೆ ಮಂಡಿ ಊದುತ್ತಿತ್ತು. ಮೋಟಾರು ಹಾಕಿಸಬೇಕೆಂದು ಅಕ್ಕಿ ಡಬ್ಬದಲ್ಲಿ ಹಣ ಕೂಡಿಡುತ್ತಿದ್ದಳು.

"ಹುಕ್ಕಿಗೆ ಎಷ್ಟ್ ತಗತೀಯಕ್ಕ?" ಎಂದು ಹಳ್ಳಿಯಿಂದ ಬಂದ ಪುಟ್ಟಮಲ್ಲಮ್ಮ ಕೇಳಿದಳು.

"ಹುಕ್ಕು ಫ್ರೀ ಕಣಮ್ಮ. ಲೈನಿಂಗ್ ಹಾಕಿಸ್ಕೋಬೇಕು ಅಷ್ಟೆ."

"ಅಂಗಾರೆ ಲೈನಿಂಗ್‌ನಲ್ಲೇ ವಸೂಲ್ ಮಾಡ್ಬುಡ್ತೀಯ ಅನ್ನು! ನಾನೇನು ದಡ್ಡೀನಾ?"

ಇಬ್ಬರೂ ನಕ್ಕರು. ಪುಟ್ಟಮಲ್ಲಮ್ಮ ಲೈನಿಂಗ್ ಹಾಕಿಸಿಕೊಂಡೇ ಹೋದಳು.

ಗಡಿಯಾಚೆ ಕೇರಳದ ಸುಲ್ತಾನ್ ಬತ್ತೇರಿಯ ಬಟ್ಟೆ ವ್ಯಾಪಾರಿಯೊಬ್ಬ ಅವಳ ಕೈಲಿ ಒಳಲಂಗಗಳನ್ನು ಹೊಲಿಸತೊಡಗಿದಾಗ ಚೆಕ್ಕಿನಲ್ಲಿ ಮಾತ್ರ ದುಡ್ಡು ಕೊಡುವುದಾಗಿ ಹೇಳಿದ್ದ. ಅದೇ ದಿನಗಳಲ್ಲಿ ಬ್ಯಾಂಕಿನವನೊಬ್ಬ ಬೀದಿಗೆ ಬಂದು, ಖಾತೆ ಫ್ರೀ, ಚೆಕ್ ಬುಕ್ಕೂ ಫ್ರೀ ಎಂದು ಸಹಿ ಹಾಕಿಸಿಕೊಂಡು ಹೋದ. ತನ್ನ ಹೆಸರು ಅಚ್ಚಾದ ಚೆಕ್ ಬುಕ್ಕನ್ನು ಫರಹತ್ ಕತ್ತರಿಸಿಟ್ಟ ಬಟ್ಟೆಗಳ ಕೆಳಗೆ ಇಟ್ಟುಕೊಂಡಿದ್ದಳು. ಆರು ತಿಂಗಳ ಮೇಲೆ ನೋಡಿದರೆ ಖಾತೆಯಲ್ಲಿ ಒಂದು ಡಜನ್ ಲಂಗದ ಮಜೂರಿಯಷ್ಟು ಕಡಿಮೆ ಬಿದ್ದಿತ್ತು.

"ಅಕೌಂಟ್ ಫ್ರೀನೇಮ್ಮ," ಎಂದಳು ಬ್ಯಾಂಕಿನ ಕೌಂಟರಿನಲ್ಲಿದ್ದ ನೀಲಾವತಿ. "ಆದ್ರೆ ಸಾವಿರ ರೂಪಾಯಿ ಯಾವಾಗ್ಲೂ ಒಳಗಿರ್ಬೇಕು. ಇಳಿದ್ರೆ ಚಾರ್ಜ್ ಹಿಡೀತಾರೆ. ಬೇರೆ ಊರಿನ ಚೆಕ್ ಪಾಸ್ ಮಾಡ್ಸೋಕೂ ಚಾರ್ಜು."

"ಸಹಿ ಹಾಕಿಸ್ಕೊಂಡವರು ಇದನ್ನ ಹೇಳ್ಲೇ ಇಲ್ವಲ್ಲ ಮೇಡಂ."

ನೀಲಾವತಿ ದನಿ ತಗ್ಗಿಸಿ, "ಅವರು ಹೇಳಲ್ಲ," ಎಂದಳು.

ಫರಹತ್‌ಗೆ ಸಿಟ್ಟಿನ ಬದಲು ನಗು ಬಂತು. "ಹುಕ್ಕು ಫ್ರೀ!"

"ಏನಂದ್ರಿ?"

"ಏನಿಲ್ಲ ಮೇಡಂ, ನಮ್ಮ ಅಂಗಡಿ ಮಾತು."

ವೆಲ್ಡಿಂಗ್ ಅಂಗಡಿಯಿಂದ ಊಟಕ್ಕೆ ಬಂದ ಗಂಡ ಅಮ್ಜದ್‌ಗೆ ವಿಷಯ ತಿಳಿಸಿದಳು.

"ಅರೆ, ಕ್ಲೋಸ್ ಮಾಡಿಬಿಡು. ಚೆಕ್ಕು ನನ್ನ ಹೆಸರಿಗೆ ಬರೆಸು. ನನ್ನ ಅಕೌಂಟು ಸಾವಿರಕ್ಕಿಂತ ಕೆಳಗೆ ಇಳಿಯೋದೇ ಇಲ್ಲ. ಒಂದು ಪೈಸೆ ಖರ್ಚಿಲ್ಲ."

"ಒಂದು ಮನೆಗೆ ಎರಡು ಬ್ಯಾಂಕು ಯಾಕಂತೆ?" ಎಂದು ಅತ್ತೆ ಒಳಗಿನಿಂದಲೇ ಕೇಳಿದರು.

"ನನಗೆ ಬೇಕಾದಾಗ?" ಎಂದಳು ಫರಹತ್.

"ಕೇಳು, ಕೊಡ್ತೀನಿ. ಯಾವತ್ತಾದ್ರೂ ಇಲ್ಲ ಅಂದಿದೀನಾ?"

ಅಂದಿರಲಿಲ್ಲ. ಅವಳ ತಾಯಿಯನ್ನು ಚಾಮರಾಜನಗರದ ಆಸ್ಪತ್ರೆಗೆ ಸೇರಿಸಿದಾಗಲೂ ಕೊಟ್ಟಿದ್ದ. ಎಷ್ಟು ಬೇಕು, ಯಾಕೆ ಅಷ್ಟು, ನಿನ್ನ ತಮ್ಮ ಏನು ಮಾಡ್ತಿದಾನೆ ಎಂದು ಕೇಳಿ, ಆಮೇಲೆ ಕೊಟ್ಟಿದ್ದ. ಅವಳು ಒಂದೊಂದಕ್ಕೂ ಬಾಗಿಲಲ್ಲಿ ನಿಂತು ಉತ್ತರ ಹೇಳುವಷ್ಟರಲ್ಲಿ ಹೆಂಚಿನ ಮೇಲಿನ ರೊಟ್ಟಿ ಸೀದುಹೋಗಿತ್ತು.

ಅವನ ತಟ್ಟೆಗೆ ಸಾರು ಬಡಿಸುತ್ತ ಅವಳು ಲೆಕ್ಕ ಹಾಕಿದಳು. ಬೇರೆ ಊರಿನ ಚೆಕ್ಕಿನ ಖರ್ಚಿನ ಚಿಂತೆ ಅವಳಿಗಿರಲಿಲ್ಲ. ಲಾಡಿ ಫ್ರೀ ಎಂದು ಹೇಳಿ ಮುಂದಿನ ಲಂಗಗಳ ಮಜೂರಿಯಲ್ಲಿ ಆ ಖರ್ಚನ್ನು ಸೇರಿಸಬಲ್ಲಳು. ಉಳಿದದ್ದು ಆ ಸಾವಿರ ರೂಪಾಯಿ. ಖಾತೆಯೊಳಗೆ ಹೋದರೆ ಅಲ್ಲೇ ಕೂತಿರಬೇಕು, ಯಾವುದಕ್ಕೂ ಸಿಗುವಂತಿಲ್ಲ. ಅಷ್ಟು ದುಡ್ಡು ಮನೆಯಲ್ಲಿದ್ದದ್ದು ಅಕ್ಕಿ ಡಬ್ಬದಲ್ಲಿ ಮಾತ್ರ.

ಮಾರನೆಯ ದಿನ ಪಾತ್ರೆ ತೊಳೆದು, ಅತ್ತೆಗೆ ಮಾತ್ರೆ ಕೊಟ್ಟು, ಬುರ್ಖಾ ಹಾಕಿಕೊಂಡು ಒಬ್ಬಳೇ ಹೊರಟಳು. ಎಲ್ಲಿಗೆ ಎಂದು ಅತ್ತೆ ಕೇಳಿದ್ದಕ್ಕೆ ದಾರ ತರೋಕೆ ಎಂದಳು. ಮೋಟಾರು ಮಾರುವ ಅಂಗಡಿ ದಾರಿಯಲ್ಲೇ ಇತ್ತು. ಗಾಜಿನೊಳಗೆ ಹಸಿರು ಬಣ್ಣದ್ದೊಂದು ಕಂಡಿತು. ಅದರ ಮುಂದೆ ಸ್ವಲ್ಪ ಹೊತ್ತು ನಿಂತಳು. ಬಲ ಮಂಡಿಯನ್ನು ಒಮ್ಮೆ ಒತ್ತಿಕೊಂಡು ಮುಂದೆ ನಡೆದಳು.

"ಕ್ಲೋಸ್ ಮಾಡ್ಬೇಕಾ?" ಎಂದು ನೀಲಾವತಿ ಕೇಳಿದಳು.

"ಇಲ್ಲ ಮೇಡಂ, ಕಟ್ಟೋಕೆ ಬಂದೆ," ಎಂದು ಫರಹತ್ ಅಕ್ಕಿಯ ಧೂಳು ಹತ್ತಿದ್ದ ನೋಟುಗಳನ್ನು ಕೊಡವಿ, ಕಿಂಡಿಯೊಳಗೆ ಇಟ್ಟಳು.