ಹೂವಿನ ನೀರಿನ ವಾರ

ನಮ್ಮ ಯಜಮಾನರು ಮೋಟರಿಗೆ ಬೆಲ್ಟು ತರಲೆಂದು ಕುಶಾಲನಗರಕ್ಕೆ ಹೋಗಿ ಎರಡು ಬಾತುಕೋಳಿ ಹಿಡಿದುಕೊಂಡು ಬಂದವರು. ಬೆಲ್ಟು ಎಲ್ಲಿ ಎಂದರೆ ಅವರಿಗೂ ನನ್ನಷ್ಟೇ ಆಶ್ಚರ್ಯ. ಇದನ್ನೆಲ್ಲ ಉಡಾಫೆ ಎಂದುಕೊಂಡು ಮದುವೆಯಾದಾಗಿನಿಂದ ಬೈಯುತ್ತ ಬಂದವಳು ನಾನು. ಬೈಯುವುದರಲ್ಲಿ ನನ್ನ ನಾಲಿಗೆ ಚೆನ್ನಾಗಿಯೇ ಪಳಗಿದೆ.

ಒಮ್ಮೆ, ಪಾಠದಲ್ಲಿ ಗಮನ ನಿಲ್ಲುವುದಿಲ್ಲವೆಂದು ಮಗಳನ್ನು ಮೈಸೂರಿನ ಡಾಕ್ಟರಿಗೆ ತೋರಿಸಿದೆವು. ಡಾಕ್ಟರು ಮಗಳಿಗೆ ಕೇಳಿದ ಪ್ರತಿ ಪ್ರಶ್ನೆಗೂ ಅವಳಪ್ಪ, "ನಂಗೂ ಹಂಗೇ ಆಗುತ್ತೆ ಸಾರ್" ಎನ್ನುತ್ತಿದ್ದರು. ಕೊನೆಗೆ ಡಾಕ್ಟರು ಕುರ್ಚಿಯನ್ನೇ ಅಪ್ಪನ ಕಡೆ ತಿರುಗಿಸಿಕೊಂಡರು. ಇಬ್ಬರಿಗೂ ಎಡಿಎಚ್‌ಡಿ ಇರುವುದು ಗೊತ್ತಾಯಿತು. ಗಮನವೇ ಇಲ್ಲವೆಂದಲ್ಲ, ಬೇಕಾದ ಕಡೆ ಅದನ್ನು ನಿಲ್ಲಿಸುವುದು ಕಷ್ಟ; ಸೋಮಾರಿತನವೂ ಅಲ್ಲ, ಉಡಾಫೆಯೂ ಅಲ್ಲ ಎಂದರು. ಗುಳಿಗೆ ಬರೆದುಕೊಟ್ಟು, ಮಾಡುವ ಕೆಲಸವನ್ನು ತಲೆಯಲ್ಲಿ ಇಟ್ಟುಕೊಳ್ಳಬೇಡಿ, ಕಣ್ಣಿಗೆ ಕಾಣುವಂತೆ ಕಿವಿಗೆ ಕೇಳುವಂತೆ ಇಟ್ಟುಕೊಳ್ಳಿ ಎಂದು ಹೇಳಿದರು. ಕಿವಿಗೆ ಕೇಳಿಸುವ ಕೆಲಸ ನನ್ನದೇ ಎಂದು ನಾನು ಖುಷಿಯಿಂದ ವಹಿಸಿಕೊಂಡೆ.

ಈ ವರ್ಷ ಕಾಫಿ ಹೂವಿಗೆ ನೀರು ಹಾಯಿಸುವ ವಾರದಲ್ಲೇ ಮೈಸೂರಿನಲ್ಲಿ ನನ್ನ ಅಮ್ಮನ ಕಣ್ಣಿನ ಆಪರೇಷನ್ ನಿಗದಿಯಾಯಿತು. ನಮ್ಮದು ಸುತ್ತುತ್ತ ನೀರು ಚಿಮ್ಮಿಸುವ ಒಂದೇ ಸ್ಪ್ರಿಂಕ್ಲರ್ ಜೆಟ್ಟಿನ ಸಣ್ಣ ತೋಟ. ಒಂದು ಜಾಗ ಚೆನ್ನಾಗಿ ನೆನೆದ ಮೇಲೆ ಮೋಟರ್ ನಿಲ್ಲಿಸಿ, ಪೈಪು ಕಳಚಿ, ಜೆಟ್ಟನ್ನು ಮುಂದಿನ ಜಾಗಕ್ಕೆ ಒಯ್ಯಬೇಕು. ಅರೆಬರೆ ನೆನೆದರೆ ಮೊಗ್ಗು ಅರಳದೆ ಕೆಂಪಾಗಿ ಒಣಗುತ್ತದೆ. ಆ ವರ್ಷದ ಫಸಲು ಅಲ್ಲಿಗೇ ಹೋಯಿತು. ಮಗಳೂ ಈಗ ಹಾಸ್ಟೆಲಿನಲ್ಲಿ; ಇಷ್ಟನ್ನೂ ಇವರೊಬ್ಬರೇ ಮಾಡುವುದೇ?

"ನೀನ್ ಹೋಗ್ ಬಾ. ನಾನ್ ನೋಡ್ಕೋತೀನಿ," ಎಂದರು. ಬೆಲ್ಟು ತರಲು ಹೊರಟ ದಿನವೂ ನೋಡ್ಕೋತೀನಿ ಎಂದೇ ಹೇಳಿದ್ದರು.

ಆಸ್ಪತ್ರೆಯಿಂದ ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮತ್ತೆ ಮಾಡಿದೆ, ಆಮೇಲೆ ಸ್ವಿಚ್ ಆಫ್ ಎಂದು ಬಂತು. ಅಮ್ಮ ಪಟ್ಟಿ ಕಟ್ಟದ ಒಂದು ಕಣ್ಣಿನಿಂದ ನನ್ನ ಓಡಾಟ ನೋಡಿ, "ಆಪರೇಷನ್ ಆಗಿದ್ದು ನಂಗೋ ನಿಂಗೋ?" ಎಂದಳು. ಮರುದಿನ ಅವಳನ್ನು ಅಣ್ಣನಿಗೆ ಒಪ್ಪಿಸಿ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡೆ. ಪಿರಿಯಾಪಟ್ಟಣ ದಾಟುವ ಹೊತ್ತಿಗೆ ಅವು ಒಳ್ಳೆಯ ಹದಕ್ಕೆ ಬಂದಿದ್ದವು.

ತೋಟದಲ್ಲಿ ಜೆಟ್ ಸುತ್ತುತ್ತಿತ್ತು. ಇವರು ಮರದ ಬುಡದಲ್ಲಿ ಕೂತಿದ್ದರು. ಟವೆಲಿಗೆ ಗಂಟು ಹಾಕಿ ನಮ್ಮ ಅಲಾರಂ ಗಡಿಯಾರವನ್ನು ಕುತ್ತಿಗೆಗೆ ನೇತುಹಾಕಿಕೊಂಡಿದ್ದರು.

"ಫೋನ್ ಎಲ್ರೀ?"

"ಅಕ್ಕಿ ಡಬ್ಬದಲ್ಲಿ."

"ಯಾಕೆ?"

"ನೀನ್ ಫೋನಲ್ಲಿ ಬೈದ್ರೆ ಆಮೇಲೆ ಅದೇ ತಲೇಲಿ ಸುತ್ತುತ್ತೆ ಕಣೇ. ಜೆಟ್ ಮರ್ತೋಗುತ್ತೆ."

ಇವರಿಗೆ ನೆನಪು ಮಾಡುವವಳು ನಾನೇ ಎಂದು ಇಷ್ಟು ಕಾಲ ಬೀಗಿದ್ದೆ. ಚುರುಕ್ಕೆಂದಿತು.

ನಾನು ಬಾಯಿ ತೆರೆಯುವ ಮೊದಲೇ ಅವರು ಎದ್ದು ನನ್ನನ್ನು ಬೇಲಿಯ ಪಕ್ಕಕ್ಕೆ ಕರೆದುಕೊಂಡು ಹೋದರು. ಅಲ್ಲಿನ ಗಿಡಗಳ ಬುಡದಲ್ಲಿ ಮಣ್ಣು ಇನ್ನೂ ಧೂಳಾಗಿಯೇ ಇತ್ತು.

"ಇದೊಂದ್ ಜಾಗ ಬಿಟ್ಟೋಯ್ತು. ನಾನೇ ಹೇಳ್ತಿದೀನಿ. ಈಗ ಬೈಕೋ."

ಹಿಂದೆಲ್ಲ ಮರೆತದ್ದನ್ನು ಮುಚ್ಚಿಡುತ್ತಿದ್ದರು, ನಾನು ಕಂಡುಹಿಡಿಯುತ್ತಿದ್ದೆ. ಹೀಗೆ ತಾವಾಗಿ ತೋರಿಸಿದ್ದು ಇದೇ ಮೊದಲು. ಬೈಸಿಕೊಳ್ಳಲು ತಯಾರಾಗಿ, ಗಡಿಯಾರ ನೇತುಹಾಕಿಕೊಂಡು ನಿಂತ ಆ ದೊಡ್ಡ ಮನುಷ್ಯನನ್ನು ನೋಡಿ ನನಗೆ ನಗುವೂ ಬಂತು, ಸಂಕಟವೂ ಆಯಿತು. ಬಸ್ಸಿನಲ್ಲಿ ಜೋಡಿಸಿಕೊಂಡದ್ದನ್ನೆಲ್ಲ ಬಿಟ್ಟು, ಒಂದು ರೆಂಬೆ ಬಗ್ಗಿಸಿ ನೋಡಿದೆ. ಅಲ್ಲಿ ಒಂದು ಹನಿಯೂ ಬೀಳದಿದ್ದರಿಂದ ಮೊಗ್ಗು ಹಾಗೇ ಇತ್ತು, ಕೆಟ್ಟಿರಲಿಲ್ಲ.

"ಅಲ್ಲಿ ನೆಂದ ಮೇಲೆ ಜೆಟ್ ಇಲ್ಲಿಗೇ ತನ್ನಿ," ಎಂದೆ.

ಅಲ್ಲಿ ಮುಗಿಸಿ ತಂದು ಹಾಕಿ, ಮತ್ತೆ ಅಲಾರಂ ಇಟ್ಟರು. ಇಬ್ಬರೂ ಮರದ ಕೆಳಗೆ ಕೂತೆವು. ಬದಲಿಸುವ ಹೊತ್ತು ಹತ್ತಿರ ಬಂದಾಗ ಹೇಳಲು ನನ್ನ ನಾಲಿಗೆ ತುರಿಸಿತು. ತುಟಿ ಕಚ್ಚಿಕೊಂಡು ಕೂತೆ. ಈ ತೋಟದಲ್ಲಿ ನಾನು ಅಷ್ಟು ಕಷ್ಟದ ಕೆಲಸ ಇನ್ನೊಂದು ಮಾಡಿಲ್ಲ. ಅಲಾರಂ ಹೊಡೆಯಿತು. ಇವರು ಎದ್ದು ಮೋಟರ್ ನಿಲ್ಲಿಸಲು ಹೋದರು.