ನಾವಿಕನಿಗೆ ಬೆಲ್ಲ-ನೀರು

ಎಪ್ಪತ್ತರ ದಶಕದ ಕೊನೆಯಲ್ಲಿ ಹೊಸನಗರ ತಾಲ್ಲೂಕಿನ ಹೈಸ್ಕೂಲೊಂದರಲ್ಲಿ ನಾನು ಇಂಗ್ಲಿಷ್ ಮೇಷ್ಟ್ರಾಗಿದ್ದೆ. ಬಯಲುಸೀಮೆಯವನು, ಸಾಲದ್ದಕ್ಕೆ ಮುಂಗೋಪಿ. ಈ ಕಡೆಯವರ ಬೆಲ್ಲ-ನೀರಿನ ಕಾಟಕ್ಕೆ ಒಗ್ಗಿಕೊಳ್ಳಲು ನನಗೆ ವರ್ಷಗಳೇ ಹಿಡಿದವು. ಯಾರ ಅಂಗಳಕ್ಕೆ ಕಾಲಿಟ್ಟರೂ ಮೊದಲು ಒಂದು ತಂಬಿಗೆ ನೀರು, ತಟ್ಟೆಯಲ್ಲಿ ಒಂದು ತುಂಡು ಬೆಲ್ಲ; ಇವರ ಮಾತಿನಲ್ಲಿ ಆಸರಿಗೆ. ಅದು ಮುಗಿಯುವ ತನಕ ಬಂದ ಕಾರಣವನ್ನು ನಾವು ಹೇಳುವ ಹಾಗಿಲ್ಲ, ಅವರು ಕೇಳುವುದೂ ಇಲ್ಲ. ನಿಮ್ಮ ಮಗ ಶಾಲೆಗೆ ಚಕ್ಕರ್ ಹೊಡೆದು ಊರು ಸುತ್ತುತ್ತಿದ್ದಾನೆ ಎಂದು ಕೂಗಾಡಲು ಹೋದವನು, ಬಾಯಲ್ಲಿ ಬೆಲ್ಲ ಇಟ್ಟುಕೊಂಡು ಕೂಗಾಡುವುದಾದರೂ ಹೇಗೆ? ಎಷ್ಟೋ ಸಲ ಮಗನನ್ನು ಹೊಗಳಿ ಎದ್ದು ಬಂದಿದ್ದೇನೆ.

ಹತ್ತನೇ ತರಗತಿಯ ಇಂಗ್ಲಿಷ್ ಪುಸ್ತಕದಲ್ಲಿ ಒಂದು ಪರದೇಶದ ಕತೆಯಿತ್ತು. ಮುದುಕ ನಾವಿಕನೊಬ್ಬ ಬಂದರಿನಿಂದ ಬಹುದೂರ ನಡೆದು ಬಂದು ಒಬ್ಬ ತಾಯಿಯ ಮನೆಯ ಬಾಗಿಲು ತಟ್ಟುತ್ತಾನೆ. ಕಡಲಲ್ಲಿ ಕಾಣೆಯಾಗಿದ್ದ ನಿನ್ನ ಮಗ ಬದುಕಿದ್ದಾನೆ ಎನ್ನುತ್ತಾನೆ. ಆಕೆ ಹೊಸ್ತಿಲ ಮೇಲೆ ಕುಸಿದು ಕೂರುತ್ತಾಳೆ. ಅವನು ಬಂದ ದಾರಿ ಹಿಡಿದು ಹೊರಡುತ್ತಾನೆ. ಇವರ ಭೇಟಿಯನ್ನು ವಿವರಿಸಿ ಎಂಬ ಪ್ರಶ್ನೆ ಪಬ್ಲಿಕ್ ಪರೀಕ್ಷೆಗೆ ಬಂದೇ ಬರುತ್ತದೆ ಎಂದು ನಾನು ಲೆಕ್ಕ ಹಾಕಿದ್ದೆ.

ಕಿರುಪರೀಕ್ಷೆಯ ಉತ್ತರ ನೋಡಿ ತಲೆ ಚಚ್ಚಿಕೊಂಡೆ. ಇಡೀ ತರಗತಿ ಸೇರಿ ಆ ನಾವಿಕನಿಗೆ ಉಪಚಾರ ಮಾಡಿತ್ತು. ಒಬ್ಬ ಕಾಲು ತೊಳೆಯಲು ಬಿಸಿನೀರು ಕೊಟ್ಟಿದ್ದ. ಗೇಣಿದಾರರ ಮನೆಯ ಹುಡುಗನೊಬ್ಬ ಊಟ ಹಾಕಿ, ಜಗಲಿಯಲ್ಲಿ ಚಾಪೆ ಹಾಸಿ ಮಲಗಿಸಿದ್ದ. ಜೋಗದಲ್ಲಿ ಅಪ್ಪನಿಗೆ ಕರೆಂಟಿನ ಕೆಲಸವಿದ್ದ ಇನ್ನೊಬ್ಬ, ಕಾಲಕ್ಕೆ ತಕ್ಕಂತೆ ಗ್ಲಾಸಿನಲ್ಲಿ ಟೀ ಕೊಡಿಸಿದ್ದ. ಪಾಠದಲ್ಲಿ ಇದ್ದದ್ದನ್ನು ಬರೆಯಿರಿ, ಇಲ್ಲದ್ದನ್ನು ಬರೆದರೆ ಮಾರ್ಕು ಹೋಗುತ್ತದೆ ಎಂದು ಗಂಟಲು ಹರಿಯುವಂತೆ ಹೇಳಿದೆ. ಉಳಿದವರು ಹೇಗೋ ದಾರಿಗೆ ಬಂದರು. ಒಬ್ಬ ಹುಡುಗಿ ಮಾತ್ರ ಜಪ್ಪಯ್ಯ ಅಂದರೂ ಬಗ್ಗಲಿಲ್ಲ.

ಅವಳು ಹಿಂದಿನ ವರ್ಷ ಇಂಗ್ಲಿಷಿನಲ್ಲಿ ಮಾತ್ರ ನಪಾಸಾಗಿ ಮತ್ತೆ ಅದೇ ತರಗತಿಯಲ್ಲಿ ಕೂತಿದ್ದಳು. ಈ ಸಲವೂ ಹೋದರೆ ಓದು ಸಾಕು, ಮನೆಯಲ್ಲಿರು ಎಂದು ಅವಳ ಅಪ್ಪ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು. ಅವಳಿಗೋ ಸಾಗರದ ಚಿಕ್ಕಮ್ಮನ ಮನೆಯಲ್ಲಿದ್ದು ಕಾಲೇಜು ಓದುವ ಆಸೆ. ಒಂದೊಂದು ಮಾರ್ಕೂ ಅವಳಿಗೆ ಪ್ರಾಣ. ಆದರೂ ನಾವಿಕ ಬಂದ ಕೂಡಲೇ ಅವಳ ಉತ್ತರದಲ್ಲಿ ಬೆಲ್ಲ ಬರುತ್ತಿತ್ತು. ಪಾಠದಲ್ಲಿ ಎಲ್ಲಿದೆ ತೋರಿಸು ಎಂದು ಪುಸ್ತಕವನ್ನು ಅವಳ ಮುಂದಿಟ್ಟೆ.

"ಅಷ್ಟು ದೂರ ನಡ್ಕೊಂಡ್ ಬಂದವ್ರಿಗೆ ಆಸರಿಗೆ ಕೊಡ್ದೆ ಇರ್ತಾರಾ ಸಾರ್? ಕೊಟ್ಟಿರ್ತಾರೆ. ಎಲ್ಲರಿಗೂ ಗೊತ್ತಿರೋದೇ ಅಲ್ವಾ ಅಂತ ಪಾಠದಲ್ಲಿ ಬರ್ದಿಲ್ಲ."

ಆ ದೇಶದಲ್ಲಿ ಬೆಲ್ಲ ಸಿಗುವುದಿಲ್ಲ ಎಂದೆ. ಹಾಗಾದರೆ ಸಕ್ಕರೆ ಎಂದು ಬರೆಯಲೇ ಎಂದು ಕೇಳಿದಳು. ಅವತ್ತು ನನಗೆ ಅವಳ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಅದರ ಜೊತೆಗೆ, ಈ ಹುಡುಗಿ ಬೆಲ್ಲದಿಂದಲೇ ಹಾಳಾಗುತ್ತಾಳಲ್ಲ ಎಂಬ ಹೆದರಿಕೆಯೂ ಇತ್ತು.

ಏಪ್ರಿಲ್ ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬಂತು. ಹೊಸನಗರದ ಪರೀಕ್ಷಾ ಕೇಂದ್ರದ ಗೇಟಿನಲ್ಲಿ ಕಾದು ನಿಂತು, ಅವಳು ಹೊರಬಂದೊಡನೆ ನಾವಿಕನಿಗೆ ಏನು ಮಾಡಿದೆ ಎಂದು ಕೇಳಿದೆ. ಏನೂ ಕೊಡಲಿಲ್ಲ ಎಂದು ತಲೆ ತಗ್ಗಿಸಿದಳು. ಕಳ್ಳತನ ಒಪ್ಪಿಕೊಂಡವರ ಮುಖವಿತ್ತು. ನಾನು ಖುಷಿಯಿಂದ ಹೋಟೆಲಿಗೆ ಹೋಗಿ ಮಸಾಲೆದೋಸೆ ತಿಂದೆ.

ಮೇ ತಿಂಗಳಲ್ಲಿ ಫಲಿತಾಂಶ ಬಂತು. ಅವಳು ನೋಡಲು ಬರಲಿಲ್ಲ, ಹೆದರಿದ್ದಳು ಎಂದು ಕಾಣುತ್ತದೆ. ನನಗೋ ಕೂತಲ್ಲಿ ಕೂರಲಾಗಲಿಲ್ಲ. ಕೋಣಂದೂರು ಕಡೆಯ ಬಸ್ಸು ಹತ್ತಿ, ಇಳಿದು, ಗುಡ್ಡ ಹತ್ತಿ ಇಳಿದು ಅವಳ ಮನೆ ಮುಟ್ಟುವಾಗ ಬಿಸಿಲಿಗೆ ನಾಲಿಗೆ ಅಂಟಿಕೊಂಡಿತ್ತು. ಜೀವನದಲ್ಲಿ ಮೊದಲ ಸಲ ಬೆಲ್ಲ-ನೀರಿಗೆ ಆಸೆಪಟ್ಟು ಆ ಅಂಗಳಕ್ಕೆ ಕಾಲಿಟ್ಟೆ.

ಅವಳು ಒಳಗಿನಿಂದ ಓಡಿ ಬಂದಳು. ಕೈಯಲ್ಲಿ ತಂಬಿಗೆ ಇರಲಿಲ್ಲ. ಬನ್ನಿ ಎನ್ನಲಿಲ್ಲ, ಕೂತ್ಕೊಳ್ಳಿ ಎನ್ನಲಿಲ್ಲ.

"ಎಂತಾಯ್ತು ಸಾರ್?"

ಪಾಸು ಎಂದೆ. ಅವಳು ಹೊಸ್ತಿಲ ಮೇಲೆ ಕೂತುಬಿಟ್ಟಳು. ಹಿಂದೆಯೇ ಬಂದ ತಾಯಿ ಮಗಳ ಮುಖ ನೋಡಿ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಅಪ್ಪ ಕಂಬಕ್ಕೆ ಒರಗಿ ನಿಂತು, ಸಾಗರಕ್ಕೆ ಬೆಳಿಗ್ಗೆ ಯಾವ ಬಸ್ಸಿದೆ ಎಂದು ನನ್ನನ್ನೇ ಕೇಳಿದರು. ಆ ಪಾಠವನ್ನು ಅಷ್ಟು ವರ್ಷ ಬಾಯಿಪಾಠ ಮಾಡಿಸಿದ್ದ ನನಗೆ, ಆ ಕತೆಯ ತಾಯಿ ಅರ್ಥವಾದದ್ದು ಅಲ್ಲಿ ನಿಂತಾಗ. ಗಂಟಲು ಒಣಗಿ ಹೋಗಿತ್ತು. ನೀರು ಕೇಳಲು ಮನಸ್ಸು ಬರಲಿಲ್ಲ.